ಉಳಿದ ಎರಡು ವರ್ಷ

ಹತ್ತು ವರ್ಷದ ಒಪ್ಪಂದದಲ್ಲಿ ಉಳಿದ ಎರಡು ವರ್ಷದ ಹಣವೇ ಬೇಡ, ಬಿಟ್ಟು ಬಾ ಎಂದು ಇವತ್ತೇ ಮಗನಿಗೆ ಫೋನಿನಲ್ಲಿ ಹೇಳಿಬಿಡಲೇ? ಮೂವತ್ತೊಂಬತ್ತರ ಸವೆದ ಮಂಡಿಗೆ ಅಷ್ಟು ಕೋಟಿ ತೆಗೆದುಕೊಳ್ಳುವುದು ಮರ್ಯಾದೆಯೇ? ಮುಖದ ತುಂಬ ನೊರೆ ಹಚ್ಚಿಸಿಕೊಂಡು ಕುಳಿತ ಎವಾರಿಸ್ತೊ, ಕ್ಷೌರದಂಗಡಿಯ ಟಿವಿಯಲ್ಲಿ ಕಾಣುತ್ತಿದ್ದ ಮಗನನ್ನೇ ನೋಡುತ್ತಿದ್ದ. ರದಾಮೆಸ್ ಇವತ್ತೂ ಬೇಸ್‌ಬಾಲ್ ಮೈದಾನದ ಅಂಚಿನ ಬೆಂಚಿನ ಮೇಲಿದ್ದ.

"ಎತ್ತು ಮುದಿಯಾಗುತ್ತೆ ಅಂತ ಗೊತ್ತಿದ್ದೂ ಹತ್ತು ವರ್ಷದ ಮೇವಿಗೆ ಬರ್ಕೊಡ್ತಾರೇನೋ ಮಾರಾಯ?" ಎಂದ ಕ್ಷೌರಿಕ ಕುಕೊ, ಕತ್ತಿ ಮಸೆಯುತ್ತ. "ಆ ಅಮೆರಿಕದ ತಂಡದ ಯಜಮಾನನಿಗೆ ತಲೆ ಕೆಟ್ಟಿತ್ತು. ಬೆಂಚು ಬಿಸಿ ಮಾಡೋಕೆ ಆಟಕ್ಕೆ ಲಕ್ಷ ಡಾಲರ್!"

ಅಷ್ಟರಲ್ಲಿ ರದಾಮೆಸ್ ಎದ್ದ. ಬ್ಯಾಟ್ ಹಿಡಿದು ಹೊರಟಿದ್ದ ಹೊಸ ಆಟಗಾರನನ್ನು ತಡೆದು, ಅವನ ಹಿಂದಿನ ಕಾಲನ್ನು ತನ್ನ ಬ್ಯಾಟಿನ ತುದಿಯಿಂದ ಗೇಣುದ್ದ ಹಿಂದಕ್ಕೆ ತಳ್ಳಿದ. ತಮ್ಮೂರು ಸಾನ್ ಪೆದ್ರೊದ ಬಯಲಲ್ಲಿ ಎವಾರಿಸ್ತೊ ಒಂದು ಕಬ್ಬಿನ ಜಲ್ಲೆಯಿಂದ ಪುಟ್ಟ ಮಗನ ಕಾಲನ್ನು ತಳ್ಳುತ್ತಿದ್ದದ್ದೂ ಹೀಗೆಯೇ. ಎರಡನೆಯ ಚೆಂಡನ್ನೇ ಹೊಸಬ ಬೇಲಿಯಾಚೆ ಹೊಡೆದ. ತಂಡ ಗೆದ್ದಿತು. ಅಪ್ಪಿಕೊಳ್ಳಲು ಬಂದವರನ್ನೆಲ್ಲ ದಾಟಿ ಓಡಿದ ಅವನು ತನ್ನ ಹೆಲ್ಮೆಟ್ ಕಳಚಿ ರದಾಮೆಸನ ತಲೆಗಿಟ್ಟ.

ಕುಕೊನ ಕತ್ತಿ ಗಾಳಿಯಲ್ಲೇ ನಿಂತಿತು. "ಯಜಮಾನ ಬುದ್ಧಿವಂತನೇ ಬಿಡು," ಎಂದ. "ಅಳಬೇಡ್ವೋ, ನೊರೆಯೆಲ್ಲ ಇಳಿದುಹೋಗ್ತಿದೆ."

ಸಂಜೆ ಮಗನೇ ಫೋನ್ ಮಾಡಿದ. "ಅಪ್ಪಾ, ಏನೋ ಹೇಳ್ಬೇಕು ಅಂತಿದ್ಯಂತೆ? ಕುಕೊ ಹೇಳ್ದ."

"ಮಂಡಿಗೆ ಎಣ್ಣೆ ಹಚ್ಕೊಳೋದು ಮರೀಬೇಡ," ಎಂದ ಎವಾರಿಸ್ತೊ. ಬಿಟ್ಟು ಬಾ ಎಂದು ಅವನು ಎಂದೂ ಹೇಳಲಿಲ್ಲ.