ಉಂಡೆಯ ಕೊನೆಯ ಎರಡು ದಿನ

ಸತ್ತ ನಾಯಿಯ ನೆನಪನ್ನು ಇನ್ನೊಂದು ಮರಿಗೆ ತುಂಬಿಸುವುದು ಈಗ ಎಲ್ಲ ದನದಾಸ್ಪತ್ರೆಗಳಲ್ಲೂ ಆಗುವ ಕೆಲಸ. ದ್ಯಾವಮ್ಮನ ನಾಯಿ ಉಂಡೆ ಒಂದೂಕಾಲು ವರ್ಷಕ್ಕೇ ವಾಂತಿಭೇದಿಯಿಂದ ಹೋಗಿತ್ತು. ಅದಕ್ಕೇ ಅವಳು ಗಂಡ ಮಾಯಿಗಯ್ಯನೊಡನೆ ಮರಿಯೊಂದನ್ನು ಎತ್ತಿಕೊಂಡು ಬಂದಿದ್ದಳು.

"ಕೊನೇ ಎರಡು ದಿನದ ನೆನಪು ಬರೀ ನೋವೇ ಅಮ್ಮಾ. ಎಲ್ಲರೂ ತೆಗೆಸಿಬಿಡ್ತಾರೆ. ತೆಗೀಲಾ?" ಎಂದರು ಡಾಕ್ಟರು.

ದ್ಯಾವಮ್ಮ ಗಂಡನ ಕಡೆ ನೋಡಿದಳು. ನಾಯಿ ಹೊಸ್ತಿಲು ದಾಟಬಾರದೆಂದು ವರ್ಷವಿಡೀ ಗದರಿದ್ದ ಗಂಡ, ಆ ಎರಡು ದಿನ ಮಾತ್ರ ಅದನ್ನು ನಡುಮನೆಯಲ್ಲಿ ತೊಡೆಯ ಮೇಲೆ ಮಲಗಿಸಿಕೊಂಡು ಗಂಜಿನೀರು ನೆಕ್ಕಿಸಿದ್ದ. ಆ ಎರಡು ದಿನವನ್ನು ತೆಗೆದರೆ ಮರಿಯ ನೆನಪಿನಲ್ಲಿ ಉಳಿಯುವುದು ಗದರುವ ಮಾಯಿಗಯ್ಯನೇ.

"ಇರ್ಲಿ ಬುಡಿ ಡಾಕ್ಟ್ರೇ. ನಮ್ಮೆಜಮಾನ್ರು ಒಳ್ಳೇವ್ರು ಅಂತ ಅದ್ಕೂ ಗೊತ್ತಿರ್ಲಿ" ಎಂದಳು.

"ಸುಮ್ಕಿರಮ್ಮಿ" ಎಂದ ಮಾಯಿಗಯ್ಯ. "ನಾ ಒಳ್ಳೇವ್ನಾಗಕ್ಕೆ ಆ ಕೂಸು ಇನ್ನೊಂದ್ಸಲ ನರಳ್ಬೇಕಾ? ತೆಗ್ದಾಕಿ ಡಾಕ್ಟ್ರೇ. ಆ ಎರಡು ದಿನ ನಂಗ್ ನೆನಪೈತೆ, ಸಾಕು."

ನೆನಪು ತುಂಬಿಸಿದ ಮೇಲೆ ಮರಿ ಎಚ್ಚರಗೊಂಡು ದ್ಯಾವಮ್ಮನ ಮುಖ ನೆಕ್ಕಿತು. ಮಾಯಿಗಯ್ಯನನ್ನು ಕಂಡದ್ದೇ ಬಾಲ ಮುದುರಿಕೊಂಡು ಅವಳ ಸೆರಗಿನೊಳಗೆ ಹುದುಗಿತು. ಅವನು ಮಾರು ದೂರದಲ್ಲಿ ನೆಲದ ಮೇಲೆ ಕೂತುಕೊಂಡ.

"ಎದ್ರುಕೋಬ್ಯಾಡ ಕಣ್ಲಾ" ಎಂದ ಮೆಲ್ಲಗೆ. "ನಿಧಾನಕ್ಕೇ ಬಾ."