ಬಾಕಿ ಉಳಿದ ಕಾರ್ಡು

ಆ ಬೆಳಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಛಾವಣಿಯಿಂದ ಇಳಿಸಿದ ಏರಿಯಲ್ ತಂತಿಯ ಒಂದು ತುದಿ ಹಿಡಿದು ನಿಂತ ದರ್ಜಿಯಮ್ಮನಿಗೆ ಇನ್ನೊಂದು ತುದಿಯಲ್ಲಿದ್ದ ಗುಜರಿಯವನು ಕಾಣುತ್ತಿರಲಿಲ್ಲ. ಎಳೆದರೆ ಅತ್ತಲಿಂದಲೂ ಎಳೆತ ಬರುತ್ತಿತ್ತು. ಅಷ್ಟರಿಂದಲೇ ಅಲ್ಲೊಬ್ಬರು ಇದ್ದಾರೆಂದು ನಂಬಬೇಕು.

"ತಾಮ್ರ ಆದ್ರೆ ತೂಕಕ್ಕೆ ತಗೋತೀನಿ ಅಕ್ಕಾ. ಈ ಗಾಜಿನ ಬುರುಡೆಗಳನ್ನ ಯಾರು ಕೇಳ್ತಾರೆ? ಹೂ ಇಡೋಣ ಅಂದ್ರೂ ಇವಕ್ಕೆ ಬಾಯಿಲ್ಲ," ಎಂದ ಅವನು, ತುದಿ ಬಿಟ್ಟು ಜಗಲಿಗೆ ಬಂದು ರೇಡಿಯೊ ವಾಲ್ವೊಂದನ್ನು ಬೆಳಕಿಗೆ ಹಿಡಿದು.

ಜಗಲಿಯ ಮೇಜಿನ ಮೇಲೆ ಅವಳ ಯಜಮಾನರ ಮೂವತ್ತು ವರ್ಷದ ಹವ್ಯಾಸ ಹರಡಿತ್ತು. ದೂರದವರೊಡನೆ ಮಾತಾಡುವ ಹ್ಯಾಮ್ ರೇಡಿಯೊ ಸೆಟ್ಟು, ಟ್ರಾನ್ಸ್‌ಫಾರ್ಮರುಗಳು, ಬಿಸ್ಕತ್ತಿನ ಡಬ್ಬದ ತುಂಬ ಕಂಡೆನ್ಸರುಗಳು. ಚುಕ್ಕೆ ಗೆರೆಗಳಲ್ಲಿ ಮಾತು ಕಳಿಸುವ ಹಿತ್ತಾಳೆಯ ಮೋರ್ಸ್ ಕೀಯನ್ನು ಮಾತ್ರ ಅವಳು ಬಟ್ಟೆಯ ತುಂಡಿನಲ್ಲಿ ಸುತ್ತಿ ಬೇರೆ ಇಟ್ಟಿದ್ದಳು. ಮನೆ ಖಾಲಿ ಮಾಡಬೇಕಿತ್ತು. ಇನ್ನು ಮೇಲೆ ತಂಗಿಯ ಮನೆಯ ಒಂದು ಕೋಣೆ. ಅದರ ಮೇಲೆ ಮೂರು ಮಹಡಿ. ಏರಿಯಲ್ ಕಟ್ಟಲು ಆಕಾಶವೇ ಇಲ್ಲ.

ಗೇಟು ಕಿರುಗುಟ್ಟಿತು. ಮಂಜಿನಿಂದ ಒಬ್ಬ ಹೆಂಗಸು ಹೊರಬಂದಳು. ಮೂವತ್ತೈದರ ಆಸುಪಾಸು, ಹೆಗಲಿಗೊಂದು ಚೀಲ.

"ನಾನು ಗಡಿಯಾರದವರ ಸೊಸೆ. ಸೆಟ್ಟು ಮಾರ್ತಿದ್ದೀರಂತೆ. ಮಾವನವರು ಕಳಿಸಿದ್ರು."

ದರ್ಜಿಯಮ್ಮ ಕೈಯಲ್ಲಿದ್ದ ತಂತಿಯ ತುದಿಯನ್ನು ಕೆಳಗಿಟ್ಟಳು.

"ಯಜಮಾನರು ಇದ್ದಾರಾ?"

"ಒಳಗೆ ಮಲಗಿದ್ದಾರೆ. ರಾತ್ರಿಯೆಲ್ಲ ಕೆಮ್ಮು."

ಯಜಮಾನರು ತೀರಿಕೊಂಡು ನಾಲ್ಕು ವರ್ಷವಾಗಿತ್ತು.

ದೂರದ ಊರಿನ ಗಡಿಯಾರ ರಿಪೇರಿಯವರೂ ಯಜಮಾನರೂ ಒಬ್ಬರ ಮುಖ ಒಬ್ಬರು ಕಂಡವರಲ್ಲ. ಆದರೂ ದಿನ ಬೆಳಗಾದರೆ ಆರೂವರೆಗೆ ಮೋರ್ಸಿನಲ್ಲಿ ಮಾತು. ಕೊನೆಯ ದಿನಗಳಲ್ಲಿ ಯಜಮಾನರು ಹೇಳಿದ್ದು ಒಂದೇ: "ಅವನ ಹೃದಯ ಹಳೇ ಸ್ಪ್ರಿಂಗು ಕಣೇ. ನಾನು ಹೋದ ಸುದ್ದಿ ಅವನಿಗೆ ಮುಟ್ಟಬಾರದು." ಹಾಗಾಗಿ ಅವರು ತೀರಿದ ಹದಿನಾಲ್ಕನೆಯ ದಿನ ಅವಳೇ ಕೀ ಮುಂದೆ ಕೂತಿದ್ದಳು. ಇಪ್ಪತ್ತಾರು ವರ್ಷ ಹೊಲಿಗೆ ಯಂತ್ರದ ಮುಂದೆ ಕೂತು ಕೇಳಿದ ಸದ್ದು. ಗಂಡನ ಕೈಯ ತಾಳ ಅವಳ ಬೆರಳಿಗೆ ಬಂದುಬಿಟ್ಟಿತ್ತು. ಅತ್ತಲಿನವರಿಗೆ ಅನುಮಾನ ಬರಲಿಲ್ಲ. ಬರುವುದಾದರೂ ಹೇಗೆ? ಕೀ ಒತ್ತುವ ಕೈ ಹೆಬ್ಬೆಟ್ಟಿನ ಗುರುತಿದ್ದ ಹಾಗೆ, ಅದು ಸುಳ್ಳಾಡುವುದಿಲ್ಲ ಎಂದು ಆ ಹವ್ಯಾಸದವರೆಲ್ಲ ನಂಬಿಕೊಂಡವರು.

ಈಚಿನ ವರ್ಷಗಳಲ್ಲಿ ಗಡಿಯಾರದ ಸುದ್ದಿ ಕಡಿಮೆಯಾಗಿ, ಊಟ ಆಯ್ತಾ, ಔಷಧಿ ತಗೊಂಡ್ಯಾ ಎಂಬ ವಿಚಾರಣೆಯೇ ಹೆಚ್ಚಾಗಿತ್ತು. ವಯಸ್ಸಾದಂತೆ ಗಂಡಸರಿಗೂ ಹೆಂಗರುಳು ಬರುತ್ತದೆ ಎಂದುಕೊಂಡಿದ್ದಳು. ಮೊನ್ನೆ ಕೊನೆಯ ಸಲ ಕೂತು, ಸೆಟ್ಟು ಮಾರುತ್ತಿದ್ದೇನೆ ಎಂದು ಕಳಿಸಿದ್ದಳು. ಯಾರಾದರೂ ಬಂದಾರು ಎಂದು ಕನಸಿನಲ್ಲೂ ನೆನೆದಿರಲಿಲ್ಲ. ಈಗ ಈ ಸೊಸೆಗೆ ನಿಜ ತಿಳಿದರೆ ಸಂಜೆಯೊಳಗೆ ಆ ಮುದುಕನ ಕಿವಿಗೆ ಬೀಳುತ್ತದೆ.

"ಎಬ್ಬಿಸಬೇಡಿ," ಎಂದಳು ಸೊಸೆ, ಸ್ವಲ್ಪ ಬೇಗನೆ. "ನೋಡಲೇಬೇಕು ಅಂತೇನಿಲ್ಲ."

"ಮಾವನವರು ಹೇಗಿದ್ದಾರೆ?"

"ಹಾಗೇ ಇದ್ದಾರೆ. ಏನೂ ಬದಲಾಗಿಲ್ಲ."

"ಭಾವ ಇದ್ದಿದ್ರೆ," ಎಂದು ತಕ್ಕಡಿಯ ಹತ್ತಿರದಿಂದ ಗುಜರಿಯವನು ರಾಗ ತೆಗೆದ, "ಈ ಟ್ರಾನ್ಸ್‌ಫಾರ್ಮರ್ ಮುಟ್ಟೋಕೆ ಬಿಡ್ತಿದ್ರಾ..."

"ಎಚ್ಚರ ಇದ್ದಿದ್ರೆ ಬಿಡ್ತಿರಲಿಲ್ಲ, ನಿಜ," ಎಂದು ದರ್ಜಿಯಮ್ಮ ಅವನ ಮಾತನ್ನು ಅಲ್ಲೇ ಕತ್ತರಿಸಿ ಕಣ್ಣು ಬಿಟ್ಟಳು. "ನೀನು ಹಿತ್ತಲಿಗೆ ಹೋಗಿ ತಂತಿ ಸುತ್ತಪ್ಪ."

ಅವನು ತಲೆ ಕೆರೆದುಕೊಳ್ಳುತ್ತ ಹೋದ. ಸೊಸೆ ಅದನ್ನು ಗಮನಿಸಿದಂತೆ ಕಾಣಲಿಲ್ಲ. ಅವಳ ಕಣ್ಣು ಬಟ್ಟೆಯ ಗಂಟಿನ ಮೇಲಿತ್ತು.

"ಅದು ಅವರ ಕೀ ಅಲ್ವಾ ಅಮ್ಮ? ಮಾವನವರಿಗೆ ಅದೊಂದು ಸಿಕ್ಕರೆ ಸಾಕು."

"ತಗೊಂಡು ಹೋಗಮ್ಮ. ಅವರಿಗೆ ಸೇರಬೇಕಾದದ್ದೇ." ಅಳುಕು ಮುಚ್ಚಲು ದರ್ಜಿಯಮ್ಮ ನಕ್ಕಳು. "ಆದ್ರೆ ಅವರ ಕಾರ್ಡೊಂದು ಬಾಕಿ ಇದೆ ಅಂತ ಜ್ಞಾಪಿಸು. ಮೊದಲ ಸಲ ಮಾತಾಡಿದವರು ಒಬ್ಬರಿಗೊಬ್ಬರು ಕಾರ್ಡು ಕಳಿಸೋದು ಇವರ ಪದ್ಧತಿ. ಇವರು ಕಳಿಸಿ ಮೂವತ್ತು ವರ್ಷ ಆಯ್ತು. ಕೇಳಿದಾಗೆಲ್ಲ, ಋಣ ಉಳಿದಿದ್ರೆ ತಾನೇ ನಾಳೆ ಮತ್ತೆ ಸಿಗೋದು ಅಂತಿದ್ರಂತೆ ನಿಮ್ಮ ಮಾವ."

ಸೊಸೆ ನಗಲಿಲ್ಲ. ಗಂಟು ಬಿಚ್ಚಿದಳು. ಕೀಯನ್ನು ಮೇಜಿನ ಮೇಲಿಟ್ಟು, ಅಂಗಡಿಯಲ್ಲಿ ಸಾಮಾನು ಪರೀಕ್ಷಿಸುವವರಂತೆ, ಬೆರಳಿಟ್ಟು ಒತ್ತಿದಳು. ವಿದಾಯ ಹೇಳುವಾಗ ಒತ್ತುವ ಅಂಕಿ, ಎಪ್ಪತ್ತಮೂರು. ಕಟಕಟ ಸದ್ದು. ಕೊನೆಯ ಗೆರೆ ಮಾತ್ರ ಎಳೆದುಕೊಂಡು ಹೋಯಿತು, ಹೊರಟವರು ಬಾಗಿಲಲ್ಲಿ ನಿಂತು ಇನ್ನೊಂದು ಮಾತಿಗೆ ಬಾಯಿ ತೆರೆದ ಹಾಗೆ.

ಗಡಿಯಾರದವರ ಕೈ. ಮೊನ್ನೆ ಬೆಳಗ್ಗೆ ಕೇಳಿದ್ದು ಇದನ್ನೇ.

ಕೀ ಒತ್ತುವ ಕೈಯೂ ಸುಳ್ಳಾಡಬಲ್ಲದೆಂದು ದೇವರನ್ನು ಬಿಟ್ಟರೆ ಬಲ್ಲವಳು ತಾನೊಬ್ಬಳೇ ಎಂದು ದರ್ಜಿಯಮ್ಮ ನಾಲ್ಕು ವರ್ಷದಿಂದ ನಂಬಿದ್ದಳು.

ಮೆಲ್ಲನೆ ಕೈ ಚಾಚಿದಳು. ಕೀಯನ್ನು ತನ್ನ ಕಡೆ ತಿರುಗಿಸಿ ಅದೇ ಅಂಕಿ ಒತ್ತಿದಳು: ಗಂಡನ ಚುರುಕಾದ ಚುಕ್ಕೆಗಳು, ಏಳಕ್ಕೂ ಮೂರಕ್ಕೂ ನಡುವೆ ಅವರದೇ ಆದ ಸಣ್ಣ ಎಡವು.

ಸೊಸೆಯ ದೃಷ್ಟಿ ಮುಚ್ಚಿದ್ದ ಕೋಣೆಯ ಬಾಗಿಲಿಗೆ ಹೋಯಿತು. ಬಹಳ ಹೊತ್ತು ಅಲ್ಲೇ ಇತ್ತು. ಆಮೇಲೆ ನೆಲಕ್ಕಿಳಿಯಿತು. ಹಿತ್ತಲಲ್ಲಿ ಗುಜರಿಯವನು ಏರಿಯಲನ್ನು ತುಂಡು ತುಂಡಾಗಿ ಕತ್ತರಿಸುವ ಸದ್ದು ಕೇಳುತ್ತಿತ್ತು.

ಅವಳು ಚೀಲದಿಂದ ಒಂದು ಲಕೋಟೆ ತೆಗೆದು ದರ್ಜಿಯಮ್ಮನ ಅಂಗೈಯಲ್ಲಿಟ್ಟಳು. ಒಳಗೆ ಆ ಬಾಕಿ ಕಾರ್ಡು. ಆರು ವರ್ಷ ಹಿಂದಿನ ತಾರೀಖು, ನಡುಗುವ ಅಕ್ಷರ: "ನಾಳೆ ನನಗೆ ಆಪರೇಷನ್. ಬದುಕುವ ಭರವಸೆ ಇಲ್ಲವಂತೆ. ನಿನ್ನ ಋಣ ಇಟ್ಟುಕೊಂಡು ಹೋಗಲಾರೆ, ಗೆಳೆಯಾ."