ಸಾಹೇಬರಿಟ್ಟ ಹೆಸರು

ಪುದೀನ ಅರೆದು ಹಾಕಿದ ಲಿಂಬೆ ಶರಬತ್ತಿನ ವಾಸನೆ ಈಗ ದೋಹಾದ ಯಾವ ಹೋಟೆಲಿನಲ್ಲಿ ಬಂದರೂ ನನಗೆ ಎಣ್ಣೆಬಾವಿಗಳ ಊರಾದ ದುಖಾನ್‌ನ ಆ ಮಧ್ಯಾಹ್ನವೇ ನೆನಪಾಗುತ್ತದೆ.

ಪಪ್ಪನ ಆಫೀಸಿನ ಇಂಗ್ಲಿಷ್ ಸಾಹೇಬರು ಕೆಲಸ ಮುಗಿಸಿ ತಮ್ಮ ದೇಶಕ್ಕೆ ಮರಳುವವರಿದ್ದರು. ಅಂದು ಅವರಿಗೆ ಬೀಳ್ಕೊಡುಗೆಯ ಊಟ.

“ಥಾರ್ನ್‌ಲಿ ಅಂದ್ರೆ ಮುಳ್ಳುಗಿಡಗಳ ನಡುವಿನ ಬಯಲು. ಸಾಹೇಬ್ರೇ ನಿನ್ನನ್ನು ಎತ್ತಿಕೊಂಡು ಅವರ ಮನೆತನದ ಹೆಸರು ಇಟ್ಟದ್ದು,” ಎಂದು ಪಪ್ಪ ಮೊದಲಿನಿಂದಲೂ ಹೇಳುತ್ತಿದ್ದರು. ಶಾಲೆಯಲ್ಲಿ ಬೇರೆ ಯಾರಿಗೂ ಇಲ್ಲದ ಹೆಸರು. ಇಸ್ತ್ರಿಯ ಬಿಸಿ ಆರದ ಅಂಗಿ ತೊಟ್ಟು ನಾನು ಸಾಹೇಬರೆದುರು ನಿಂತೆ.

ಅವರು ಹೆಸರು ಕೇಳಿದರು. ಹೇಳಿದೆ.

“ಅದು ನನ್ನ ಮನೆತನದ ಹೆಸರು. ನಿನಗೆ ಯಾರಿಟ್ಟರು?” ಎಂದು ಇಂಗ್ಲಿಷಿನಲ್ಲಿ ಕೇಳಿ, ಹುಬ್ಬೇರಿಸಿ ನಕ್ಕರು.

ನಾನು ಪಪ್ಪನ ಮುಖ ನೋಡಿದೆ. ಪಪ್ಪ ತಲೆ ತಗ್ಗಿಸಿ, ಲೋಟದ ತಳಕ್ಕಂಟಿದ ಪುದೀನ ಎಲೆಯನ್ನು ಸ್ಟ್ರಾದಿಂದ ಕೆದಕುತ್ತಿದ್ದರು.

ವಾಪಸು ಬರುವಾಗ ಕಾರಿನಲ್ಲಿ, ಮನೆ ಹತ್ತಿರವಾದಾಗ, ಪಪ್ಪ ತುಂಬು ಬಸುರಿಯಾಗಿದ್ದ ಮಮ್ಮಿಯ ಕಡೆ ತಿರುಗಿ ಮೆಲ್ಲಗೆ ಹೇಳಿದರು:

“ಹೊಸ ಸಾಹೇಬ್ರ ಸರ್‌ನೇಮ್ ಕೇಳಿ ಇಟ್ಟಿದ್ದೇನೆ. ಗಂಡಾದ್ರೆ ಅದನ್ನೇ ಇಡುವ.”